ಚೀಟಿಯಿಂದ ಸಭೆಯವರೆಗೆ: ಕಾಫಿ ತೋಟದ ಒಬ್ಬ ರೈಟರ ಪ್ರಕರಣ

ಈ ಪ್ರಕರಣ ಮಲೆನಾಡಿನ ಕಾಫಿ ಸೀಮೆಯದು. ಊರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟ ವ್ಯಕ್ತಿಯೂ ಅವರ ಪತ್ನಿಯೂ ಬರಹವನ್ನು ಓದಿ ಒಪ್ಪಿಗೆ ಕೊಟ್ಟಿದ್ದಾರೆ. ವ್ಯಕ್ತಿಯನ್ನು ಅವರ ಕೆಲಸದಿಂದಲೇ ‘ರೈಟರು’ ಎಂದು ಕರೆದಿದ್ದೇನೆ. ತೋಟಗಳ ನಾಡಿನಲ್ಲಿ ಹಾಗೆ ಕರೆಸಿಕೊಳ್ಳುವವರು ಅನೇಕರಿರುವುದರಿಂದ ಗುರುತು ಹತ್ತುವ ಭಯವಿಲ್ಲ. ನಾನು ಆಸ್ಪತ್ರೆಯೊಂದರ ಮನೋವೈದ್ಯಕೀಯ ವಿಭಾಗದಲ್ಲಿ ಆಪ್ತಸಮಾಲೋಚಕಿ. ಮದ್ಯವ್ಯಸನದ ಚಿಕಿತ್ಸೆ ಮುಗಿಸಿ ಮನೆಗೆ ಹೊರಟವರ ಬಿಡುಗಡೆ ಪತ್ರದ ಕೊನೆಯಲ್ಲಿ ‘ಎಎ ಸಭೆಗೆ ಹೋಗಲು ಸೂಚಿಸಲಾಗಿದೆ’ ಎಂದು ಒಂದು ಸಾಲು ಬರೆಯುವ ವಾಡಿಕೆ ನಮ್ಮಲ್ಲಿ ಬಹುಕಾಲದಿಂದ ಇತ್ತು. ಎಎ ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬಯಸುವವರು ಒಟ್ಟಿಗೆ ಕೂತು ಒಬ್ಬರಿಗೊಬ್ಬರು ನೆರವಾಗುವ ಕೂಟ. ಆ ಸಾಲಿಗೂ ಒಬ್ಬ ಮನುಷ್ಯ ನಿಜವಾಗಿ ಸಭೆಯ ಬೆಂಚಿನ ಮೇಲೆ ಹೋಗಿ ಕೂರುವುದಕ್ಕೂ ನಡುವೆ ಏನೇನು ಅಡ್ಡ ಬರುತ್ತದೆ ಎಂಬುದು ಈ ಪ್ರಕರಣದಲ್ಲಿ ಸ್ಪಷ್ಟವಾಗಿ ಕಂಡಿತು.

ಹಿನ್ನೆಲೆ

ರೈಟರಿಗೆ ಆಗ ನಲವತ್ತು ದಾಟಿತ್ತು. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಕೊಯ್ಲಿನ ಕಾಲದಲ್ಲಿ ಹಣ್ಣು ತೂಗಿಸಿ ಲೆಕ್ಕ ಇಡುವುದು, ಶನಿವಾರ ಬಟವಾಡೆ ಮಾಡುವುದು ಅವರ ಹೊಣೆ. ಮಾಲೀಕರು ದೂರದ ನಗರದಲ್ಲಿದ್ದು ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದುದರಿಂದ ಲೈನ್ ಮನೆಗಳಲ್ಲಿದ್ದ ಕಾರ್ಮಿಕರ ಪಾಲಿಗೆ ತೋಟದ ಯಜಮಾನಿಕೆಯೆಲ್ಲ ಇವರದೇ. ಬಟವಾಡೆಯ ರಾತ್ರಿ ಒಂದಿಷ್ಟು ಎಂದು ಆರಂಭವಾದ ಕುಡಿತ, ಮಳೆಗಾಲದ ಸಂಜೆಗಳಿಗೆ ಹಬ್ಬಿ, ಕೆಲವು ವರ್ಷಗಳಲ್ಲಿ ಬೆಳಗಿಗೂ ಬಂದಿತ್ತು. ಮೇಜಿನ ಖಾನೆಯಲ್ಲಿ 90 ಎಂಎಲ್‌ನ ಟೆಟ್ರಾ ಪೊಟ್ಟಣ ಇರಲೇಬೇಕಾದ ಸ್ಥಿತಿ ಅದು. ಒಮ್ಮೆ ಅವರು ಹಳೆಯ ಹಾಜರಿ ಪುಸ್ತಕವೊಂದನ್ನು ತಂದು ತೋರಿಸಿದರು. ಪ್ರತಿ ಪುಟದಲ್ಲೂ ಮೊದಲ ಎಂಟು ಹತ್ತು ಹೆಸರುಗಳ ಮುಂದಿನ ಗುರುತು ನಡುಗಿ ಗೆರೆ ದಾಟಿತ್ತು. ಅಲ್ಲಿಂದ ಮುಂದಿನದೆಲ್ಲ ಮುತ್ತು ಪೋಣಿಸಿದಂತೆ ನೆಟ್ಟಗಿತ್ತು. ಪೊಟ್ಟಣ ಖಾಲಿಯಾದದ್ದು ಎಷ್ಟನೆಯ ಹೆಸರಿನ ಹೊತ್ತಿಗೆ ಎಂದು ಅವರೇ ಬೆರಳಿಟ್ಟು ಹೇಳಬಲ್ಲವರಾಗಿದ್ದರು.

ಬಿಡಲು ಅವರು ಪ್ರಯತ್ನಿಸಿರಲಿಲ್ಲ ಎಂದಲ್ಲ. ಮನೆದೇವರ ಮುಂದೆ ಆಣೆ ಇಟ್ಟಿದ್ದರು. ‘ಗೊತ್ತಾಗದಂತೆ ಕಾಫಿಗೆ ಬೆರೆಸಿ ಕೊಡಿ’ ಎಂಬ ಜಾಹೀರಾತು ನಂಬಿ ಪತ್ನಿ ಯಾವುದೋ ಪುಡಿ ತರಿಸಿ ಬೆರೆಸಿದ್ದರು. ಒಳಗೆ ಏನಿದೆಯೆಂದು ತಿಳಿಯದ ಪುಡಿಯನ್ನು ಒಪ್ಪಿಗೆಯಿಲ್ಲದೆ ಕುಡಿಸುವುದು ಅಪಾಯಕಾರಿ. ವಿಷಯ ಬಯಲಾದ ಮೇಲೆ ಬಹಳ ದಿನ ರೈಟರು ಮನೆಯ ಕಾಫಿಯನ್ನೇ ಕುಡಿಯಲಿಲ್ಲ. ಒಂದು ವರ್ಷ ಅಯ್ಯಪ್ಪ ಮಾಲೆ ಹಾಕಿ ಅಂದೇ ಕುಡಿತ ನಿಲ್ಲಿಸಿದರು. ಎರಡನೆಯ ದಿನ ಫಿಟ್ಸ್ ಬಂತು. ವ್ರತದಲ್ಲಿ ಏನೋ ಲೋಪವಾಗಿರಬೇಕೆಂದು ಮನೆಯವರು ಹೆದರಿದರು. ದೇಹ ಮದ್ಯಕ್ಕೆ ಒಗ್ಗಿಹೋದವರು ಒಮ್ಮೆಲೇ ನಿಲ್ಲಿಸಿದಾಗ ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ ಇಂತಹ ಸೆಳೆತ ಬರಬಹುದೆಂದು, ಅನಂತರದ ದಿನಗಳಲ್ಲಿ ಬುದ್ಧಿಭ್ರಮಣೆಯೂ ಉಂಟಾಗಿ ಜೀವಕ್ಕೇ ಕುತ್ತಾಗಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇನ್ನೊಮ್ಮೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದು ಸುಮಾರು ಒಂಬತ್ತು ತಿಂಗಳು ಕುಡಿಯದೆ ಇದ್ದರು. ಶಿಬಿರ ಮುಗಿಸಿದವರು ಕೂಡುವ ನವಜೀವನ ಸಮಿತಿಯ ಸಭೆಗೂ ತಪ್ಪದೆ ಹೋಗುತ್ತಿದ್ದರು. ಆದರೆ ಕೆಲಸ ಬದಲಿಸಿ ಬೇರೆ ತಾಲ್ಲೂಕಿನ ತೋಟಕ್ಕೆ ಬಂದಾಗ ಆ ಸಂಗ ಕಡಿಯಿತು, ಹೊಸ ಊರಿನಲ್ಲಿ ಅಂಥದ್ದೊಂದನ್ನು ಹುಡುಕಿಕೊಳ್ಳಲಿಲ್ಲ, ಮೂರು ತಿಂಗಳೊಳಗೆ ಕುಡಿತ ಮರಳಿತು. ಅವರ ಇತಿಹಾಸ ಬರೆದುಕೊಳ್ಳುವಾಗ ನಮ್ಮ ಕಣ್ಣಿಗೆ ಬೀಳಬೇಕಾಗಿದ್ದ ಮುಖ್ಯ ಅಂಶ ಇದೇ: ಈ ಮನುಷ್ಯ ಒಬ್ಬರೇ ಇದ್ದಾಗ ಸೋತಿದ್ದರು, ಜೊತೆಯವರಿದ್ದಾಗ ನಿಂತಿದ್ದರು.

ನಮ್ಮಲ್ಲಿಗೆ ಬಂದಾಗ, ಕುಡಿತದ ತೀವ್ರತೆ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಹತ್ತು ಪ್ರಶ್ನೆಗಳ ‘ಆಡಿಟ್’ ಎಂಬ ಪರೀಕ್ಷೆಯಲ್ಲಿ 40ಕ್ಕೆ ಅವರ ಅಂಕ 20ನ್ನು ಚೆನ್ನಾಗಿಯೇ ದಾಟಿತ್ತು. ಅಂದರೆ ಅವಲಂಬನೆಯ ಸಾಧ್ಯತೆ ಬಲವಾಗಿತ್ತು. ಒಳರೋಗಿಯಾಗಿ ದಾಖಲಿಸಿಕೊಂಡು, ಥಯಾಮಿನ್ (ಬಿ1 ಜೀವಸತ್ವ) ಕೊಟ್ಟು, ನಡುಕ ಮತ್ತು ಸೆಳೆತ ತಡೆಯುವ ಔಷಧಿಯನ್ನು ದಿನದಿನಕ್ಕೆ ಇಳಿಸುತ್ತ ನಿಲ್ಲಿಸಲಾಯಿತು. ಯಕೃತ್ತಿನ ಪರೀಕ್ಷೆಯ ಫಲಿತಾಂಶ ನೋಡಿ, ಅವರಿಗೂ ಪತ್ನಿಗೂ ವಿವರಿಸಿ ಒಪ್ಪಿಗೆ ಪಡೆದು ವೈದ್ಯರು ಡೈಸಲ್ಫಿರಾಮ್ ಮಾತ್ರೆ ಆರಂಭಿಸಿದರು. ಅದನ್ನು ತೆಗೆದುಕೊಳ್ಳುತ್ತಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಕೆಲವೊಮ್ಮೆ ಪ್ರಾಣಾಪಾಯವೂ ಆಗುತ್ತದೆ. ಬಿಡುಗಡೆಯ ದಿನ ನಾನು ಅವರ ಕೈಗೆ ಒಂದು ಚೀಟಿ ಕೊಟ್ಟೆ. ಅದರಲ್ಲಿ ಹತ್ತಿರದ ಪಟ್ಟಣದ ಎಎ ಗುಂಪಿನ ವಿಳಾಸ ಮತ್ತು ‘ಭಾನುವಾರ ಸಂಜೆ 6’ ಎಂಬ ಸಮಯ ಇತ್ತು.

ಚೀಟಿ ಕೆಲಸ ಮಾಡಲಿಲ್ಲ

ತಿಂಗಳ ನಂತರದ ಭೇಟಿಯಲ್ಲಿ ‘ಹೋಗಿದ್ದೆ ಮೇಡಂ, ಸಭೆ ಇರಲಿಲ್ಲ’ ಎಂದರು. ಅದನ್ನು ಹಾಗೆಯೇ ಕಡತದಲ್ಲಿ ಬರೆದು ಮುಂದೆ ಹೋಗಬಹುದಿತ್ತು, ಏಕೆಂದರೆ ಗುಂಪುಗಳ ಪಟ್ಟಿ ಹಳತಾಗಿರುವುದು, ಜಾಗ ಬದಲಾಗಿರುವುದು ಸಾಮಾನ್ಯ. ಆದರೆ ಯಾವ ಬಸ್ಸಿಗೆ ಹೋದಿರಿ, ಎಲ್ಲಿ ಇಳಿದಿರಿ, ಬಾಗಿಲು ಹೇಗಿತ್ತು ಎಂದು ಒಂದೊಂದಾಗಿ ಕೇಳಿದಾಗ ನಡೆದದ್ದು ಹೊರಬಂತು. ಅವರು ಗೇಟಿನವರೆಗೆ ಹೋಗಿದ್ದರು. ಸಭೆ ಚರ್ಚ್ ಆವರಣದ ಒಂದು ಕೋಣೆಯಲ್ಲಿತ್ತು. ಒಳಗೆ ಹೋದರೆ ಮತಾಂತರದ ಮಾತು ಬರಬಹುದೆಂಬ ಅಳುಕು ಒಂದು. ಹೊರಗೆ ನಿಂತಿದ್ದ ಇಬ್ಬರು ಮಾತನಾಡುತ್ತಿದ್ದುದು ಕನ್ನಡವಲ್ಲ ಎಂಬುದು ಇನ್ನೊಂದು. ತೋಟದ ಕಡೆ ಹೋಗುವ ಕೊನೆಯ ಬಸ್ಸು ಏಳಕ್ಕೆ, ಸಭೆ ಮುಗಿಯುವುದು ಏಳೂವರೆಗೆ ಎಂಬುದು ಮತ್ತೊಂದು. ಇವೆಲ್ಲದರ ಮೇಲೆ, ಸಂತೆಗೆ ಬಂದ ಯಾರಾದರೂ ತಮ್ಮನ್ನು ಅಲ್ಲಿ ಕಂಡರೆ ಎಂಬ ಲಜ್ಜೆ. ಬಾರಿಗೆ ಹೋಗುವಾಗ ಇರದಿದ್ದ ಲಜ್ಜೆ ಇಲ್ಲಿ ಹೇಗೆ ಬಂತು ಎಂದು ಕೇಳಬಹುದು. ನಮ್ಮ ಊರುಗಳಲ್ಲಿ ಕುಡಿಯುವುದು ಗಂಡಸಿನ ಚಟ ಎನ್ನಿಸಿಕೊಳ್ಳುತ್ತದೆ, ಕುಡಿತಕ್ಕೆ ಸೋತೆನೆಂದು ಒಪ್ಪಿಕೊಳ್ಳುವುದು ಮಾನ ಹೋಗುವ ಸಂಗತಿ ಎನ್ನಿಸಿಕೊಳ್ಳುತ್ತದೆ.

ಇವುಗಳಲ್ಲಿ ಹೆಚ್ಚಿನವು ನಾವು ಮೊದಲೇ ಬಿಡಿಸಬಹುದಾಗಿದ್ದ ತೊಡಕುಗಳು. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್ ಪಟ್ಟಣದಲ್ಲಿ ಒಬ್ಬ ಷೇರು ವ್ಯವಹಾರಸ್ಥ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ನಲುಗಿದವರು, ಪರಸ್ಪರ ಮಾತನಾಡುತ್ತ ಹುಟ್ಟುಹಾಕಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ 1957ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೆ ಬಂತು. ಅದಕ್ಕೆ ಯಾವ ಧರ್ಮದ, ಪಕ್ಷದ ನಂಟೂ ಇಲ್ಲ. ಕಡಿಮೆ ಬಾಡಿಗೆಗೆ ಸಿಗುತ್ತವೆಂದು ಚರ್ಚು, ಶಾಲೆ, ಸಮುದಾಯ ಭವನಗಳ ಕೋಣೆಗಳಲ್ಲಿ ಸಭೆ ಸೇರುತ್ತಾರೆ. ಸದಸ್ಯತ್ವಕ್ಕೆ ಶುಲ್ಕವಿಲ್ಲ, ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ‘ಮುಕ್ತ’ ಸಭೆಗೆ ಮನೆಯವರೂ ನಮ್ಮಂಥವರೂ ಹೋಗಬಹುದು, ‘ಮುಚ್ಚಿದ’ ಸಭೆ ವ್ಯಸನಿಗಳಿಗೆ ಮಾತ್ರ. ಇಷ್ಟನ್ನು ಐದು ನಿಮಿಷದಲ್ಲಿ ಹೇಳಬಹುದಿತ್ತು. ಚೀಟಿಯ ಮೇಲೆ ಇದಾವುದೂ ಇರಲಿಲ್ಲ.

ತೊಡಕು ಇವರೊಬ್ಬರದೇ ಎಂದು ಭಾವಿಸಬೇಕಾಗಿಲ್ಲ. 2019ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಅವಲಂಬನೆಯುಳ್ಳ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಹೀಗೆ ಅಪರೂಪಕ್ಕೆ ಆಸ್ಪತ್ರೆಯವರೆಗೆ ಬಂದವರನ್ನೂ ನಾವು ಒಂದು ಚೀಟಿಯೊಡನೆ ಕೈಬಿಡುತ್ತಿದ್ದೆವು.

ಕರೆ

ಎರಡನೆಯ ಪ್ರಯತ್ನಕ್ಕೆ ಮುನ್ನ ನಾನು ಸುತ್ತಲಿನ ಗುಂಪುಗಳ ಬಗ್ಗೆ ವಿಚಾರಿಸಿದೆ. ಪ್ರತಿ ಗುಂಪಿಗೂ ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಮುಕ್ತ ಸಭೆ ಎಂದು, ಮುಗಿದ ಮೇಲೆ ಯಾವ ಕಡೆಗೆ ಬಸ್ಸು ಇರುತ್ತದೆ ಎಂದು ಕೇಳಿದೆ. ತುಸು ದೂರದ ಇನ್ನೊಂದು ಪಟ್ಟಣದಲ್ಲಿ ಪೂರ್ತಿ ಕನ್ನಡದಲ್ಲೇ ನಡೆಯುವ ಗುಂಪು ಸಿಕ್ಕಿತು. ಶಾಲೆಯೊಂದರ ಕೋಣೆಯಲ್ಲಿ ಭಾನುವಾರ ನಾಲ್ಕಕ್ಕೆ ಸಭೆ. ದೂರ ಹೆಚ್ಚಾದರೂ ಬಸ್ಸಿಗೆ ಹೊಂದುತ್ತಿತ್ತು. ಹತ್ತಿರದ್ದನ್ನು ಬಿಟ್ಟು ದೂರದ್ದನ್ನು ಆರಿಸಿಕೊಂಡದ್ದು ಈ ಪ್ರಕರಣದ ಮೊದಲ ಸರಿಯಾದ ನಿರ್ಧಾರ ಎಂದು ನನ್ನ ಅಭಿಪ್ರಾಯ. ಕಿಲೋಮೀಟರು ಕಡಿಮೆ ಇದ್ದ ಮಾತ್ರಕ್ಕೆ ಸಭೆ ಹತ್ತಿರವಾಗುವುದಿಲ್ಲ.

ಮುಂದಿನ ಭೇಟಿಯಲ್ಲಿ ರೈಟರ ಒಪ್ಪಿಗೆ ಕೇಳಿ, ಅವರು ನನ್ನ ಎದುರಿಗೇ ಕುಳಿತಿರುವಾಗ, ಆ ಗುಂಪಿನ ಹಿರಿಯ ಸದಸ್ಯರೊಬ್ಬರಿಗೆ ಫೋನ್ ಮಾಡಿ ಅವರ ಕೈಗೆ ಕೊಟ್ಟೆ. ಹಿರಿಯರು ನಿವೃತ್ತ ಬಸ್ ಕಂಡಕ್ಟರ್. ಉಪದೇಶ ಏನೂ ಮಾಡಲಿಲ್ಲ. ‘ಬನ್ನಿ ರೈಟ್ರೇ, ಮಾತಾಡ್ಲೇಬೇಕು ಅಂತೇನಿಲ್ಲ. ಟೀ ಕುಡ್ದು ಕೂತಿದ್ದು ಹೋಗಿ. ಮೂರೂವರೆ ಗಾಡಿಗೆ ನಾನೇ ಬಸ್ ಸ್ಟ್ಯಾಂಡಲ್ಲಿ ನಿಂತಿರ್ತೀನಿ, ನೀಲಿ ಅಂಗಿ ಹಾಕಿರ್ತೀನಿ’ ಎಂದರು. ಈ ಕ್ರಮ ನನ್ನ ಸ್ವಂತ ಆವಿಷ್ಕಾರವಲ್ಲ. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಕೇವಲ ಇಪ್ಪತ್ತು ಮಂದಿಯ ಮೇಲೆ ನಡೆದ ಸಣ್ಣದೊಂದು ಅಧ್ಯಯನದಲ್ಲಿ, ಬರಿಯ ಮಾಹಿತಿ ಪಡೆದವರಲ್ಲಿ ಒಬ್ಬರೂ ಸಭೆಗೆ ಹೋಗಿರಲಿಲ್ಲ. ಸಮಾಲೋಚನೆಯ ಕೋಣೆಯಿಂದಲೇ ಸದಸ್ಯರೊಬ್ಬರಿಗೆ ಕರೆ ಮಾಡಿಸಿ ಜೊತೆ ಮಾಡಿಕೊಟ್ಟವರೆಲ್ಲರೂ ಹೋಗಿದ್ದರು. ಸಣ್ಣ ಅಧ್ಯಯನವನ್ನು ಅತಿಯಾಗಿ ನಂಬಬಾರದು, ನಿಜ. ಆದರೂ ಒಂದು ಫೋನ್ ಕರೆಗೆ ತಗಲುವ ಖರ್ಚು ಎಷ್ಟು?

ಅದು ಮುಕ್ತ ಸಭೆಯಾದ್ದರಿಂದ ಪತ್ನಿಯೊಂದಿಗೆ ನಾನೂ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಚಿಕ್ಕ ಮಕ್ಕಳ ಬೆಂಚುಗಳು. ದೊಡ್ಡವರ ಮೊಣಕಾಲು ಎದೆಗೆ ತಾಗುವಷ್ಟು ತಗ್ಗು. ಗೋಡೆಗೆ ಎಎ ಸದಸ್ಯರು ಅನುಸರಿಸುವ ಹನ್ನೆರಡು ಸೂತ್ರಗಳ ಕನ್ನಡ ಬ್ಯಾನರ್ ಕಟ್ಟಿದ್ದರು. ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿಯನ್ನು ಬೇಡುವ ಪ್ರಾರ್ಥನೆಯ ನಂತರ ಒಬ್ಬೊಬ್ಬರಾಗಿ ಎದ್ದು, ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಆರಂಭಿಸಿ ತಮ್ಮ ಕಥೆ ಹೇಳಿದರು. ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಕಾಣಿಕೆಯ ಡಬ್ಬಿ ಬಂದಾಗ ರೈಟರು ಜೇಬಿಗೆ ಕೈ ಹಾಕಿದರು. ಪಕ್ಕದವರು ‘ಹೊಸಬರು ಹಾಕೋದು ಬೇಡ’ ಎಂದು ಡಬ್ಬಿಯನ್ನು ಮುಂದಕ್ಕೆ ದಾಟಿಸಿದರು. ಊರೆಲ್ಲ ಸಾಲ ಮಾಡಿದ್ದ ಮನುಷ್ಯನಿಗೆ ಹಣ ಬೇಡವೆಂದ ಮೊದಲ ಜಾಗ ಅದು ಎಂದು ಅವರು ಆಮೇಲೆ ಹೇಳಿದರು.

ಹಾಜರಿ ಪುಸ್ತಕದ ಇನ್ನೊಂದು ಬದಿ

ನಾಲ್ಕನೆಯದೋ ಐದನೆಯದೋ ವಾರ ನಾವಾರೂ ಎಣಿಸಿರದ ಸಂಗತಿ ನಡೆಯಿತು. ರೈಟರ ತೋಟದ ಲೈನ್ ಮನೆಯ ಕಾರ್ಮಿಕನೊಬ್ಬ ಅದೇ ಸಭೆಗೆ ಬಂದ. ಕುಡಿದು ಕೆಲಸಕ್ಕೆ ಬಂದನೆಂದು ಈ ರೈಟರೇ ಆತನಿಗೆ ಗೈರುಹಾಜರಿ ಹಾಕಿ ಕೂಲಿ ಹಿಡಿದಿದ್ದರು, ಅದೂ ತಮ್ಮ ಖಾನೆಯಲ್ಲಿ ಪೊಟ್ಟಣ ಇಟ್ಟುಕೊಂಡು. ‘ಇಲ್ಲಿ ಕಂಡವರು, ಕೇಳಿದ ಮಾತು ಇಲ್ಲೇ ಉಳಿಯಲಿ’ ಎಂಬುದು ಸಭೆಯ ನಿಯಮ. ಆದರೆ ಅಪರಿಚಿತರ ನಗರದಲ್ಲಿ ಆ ನಿಯಮವನ್ನು ನಂಬುವುದು ಸುಲಭ, ಒಂದೇ ತೋಟದೊಳಗೆ ನಂಬುವುದು ಕಷ್ಟ. ಮಾಲೀಕರ ಕಿವಿಗೆ ಬಿದ್ದರೆ ಕೆಲಸ ಹೋದೀತು ಎಂದು ರೈಟರು ಹೆದರಿದರು. ತನ್ನ ಹಾಜರಿ ಇವರ ಕೈಯಲ್ಲಿದೆ ಎಂಬ ಭಯ ಆ ಕಾರ್ಮಿಕನಿಗೆ ಇನ್ನೂ ಹೆಚ್ಚಾಗಿಯೇ ಇದ್ದಿರಬೇಕು.

ರೈಟರು ಸಭೆ ಬಿಡುವ ಮಾತು ಆಡಿದರು. ಬೇರೆ ಗುಂಪಿಗೆ ಹೋಗುವುದೇ ಅಥವಾ ಇಲ್ಲೇ ಉಳಿಯುವುದೇ ಎಂಬ ಪ್ರಶ್ನೆಯನ್ನು ನಾನು ತೀರ್ಮಾನಿಸಲು ಹೋಗದೆ, ಹಿರಿಯ ಸದಸ್ಯರೊಂದಿಗೆ ಮಾತನಾಡುವಂತೆ ಹೇಳಿದೆ. ಹಿರಿಯರು ಇಬ್ಬರನ್ನೂ ಸಭೆಯ ನಂತರ ಟೀ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಏನು ಮಾತು ನಡೆಯಿತೋ ನಾನು ಕೇಳಲಿಲ್ಲ, ಕೇಳಬಾರದು ಕೂಡ. ರೈಟರು ಹೇಳಿದ್ದು ಇಷ್ಟು: ಹಿಡಿದಿದ್ದ ಕೂಲಿಯ ವಿಷಯವನ್ನು ಅವರೇ ಎತ್ತಿದರು, ಮುಂದಿನ ಬಟವಾಡೆಯಲ್ಲಿ ತಮ್ಮ ಕೈಯಿಂದ ಅದನ್ನು ತೀರಿಸಿದರು. ನೋವು ಮಾಡಿದವರಿಗೆ ಸಾಧ್ಯವಾದಲ್ಲೆಲ್ಲ ಪರಿಹಾರ ಕೊಡಬೇಕೆಂಬುದು ಹನ್ನೆರಡು ಸೂತ್ರಗಳಲ್ಲಿ ಒಂಬತ್ತನೆಯದು. ಇವರು, ಕುಡಿತದ ಮುಂದೆ ಸೋತೆನೆಂದು ಒಪ್ಪಿಕೊಳ್ಳುವ ಒಂದನೆಯದನ್ನೇ ಇನ್ನೂ ಪೂರ್ತಿ ಒಪ್ಪಿರಲಿಲ್ಲ. ಇಬ್ಬರೂ ಗೆಳೆಯರಾದರು ಎಂದು ಬರೆಯಲಾರೆ. ತೋಟದಲ್ಲಿ ಮೊದಲಿನಂತೆ ರೈಟರು, ಆಳು. ಭಾನುವಾರ ಬಸ್ಸಿನಲ್ಲಿ ಬೇರೆ ಬೇರೆ ಸೀಟು. ಆ ಕಾರ್ಮಿಕ ಕೆಲವು ತಿಂಗಳ ನಂತರ ತನ್ನ ಊರಿಗೆ ಹೊರಟುಹೋದ.

ಮಾತ್ರೆ ಮತ್ತು ಮರುಕಳಿಕೆ

ಡಿಸೆಂಬರ್‌ನಿಂದ ಕೊಯ್ಲು ಜೋರಾಯಿತು. ಕೊಯ್ಲಿನ ಕಾಲದಲ್ಲಿ ತೋಟಕ್ಕೆ ಭಾನುವಾರ ಎಂಬುದಿಲ್ಲ. ಸತತವಾಗಿ ಸಭೆ ತಪ್ಪಿತು. ಅದೇ ಹೊತ್ತಿಗೆ ಮಾತ್ರೆ ಕೊಡುತ್ತಿದ್ದ ಪತ್ನಿ ಬಾಣಂತನಕ್ಕೆಂದು ಮಗಳ ಮನೆಗೆ ಹೋಗಿದ್ದರು. ಇದಲ್ಲದೆ, ಸಭೆಯಲ್ಲಿ ಪರಿಚಯವಾಗಿದ್ದ ಒಬ್ಬರು ‘ಮಾತ್ರೆ ತಿಂದು ಬಿಟ್ಟಿದ್ದು ಬಿಟ್ಟ ಹಾಗಲ್ಲ’ ಎಂದು ಹೇಳಿದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಇದು ಆ ವ್ಯಕ್ತಿಯ ಸ್ವಂತ ಅಭಿಪ್ರಾಯ; ಯಾವ ಸದಸ್ಯರೂ ವೈದ್ಯರ ಪಾತ್ರ ವಹಿಸಬಾರದೆಂದು ಎಎಯ ಸ್ವಂತ ಪ್ರಕಟಣೆಯೇ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಹೊಸಬರಿಗೆ ಹಳಬರ ಮಾತೇ ವೇದ. ನಾವು ಕಳಿಸುವವರಿಗೆ ‘ಔಷಧಿಯ ವಿಷಯ ಆಸ್ಪತ್ರೆಯಲ್ಲಿ, ಕುಡಿಯದೆ ಬದುಕುವ ವಿಷಯ ಸಭೆಯಲ್ಲಿ’ ಎಂದು ಮೊದಲೇ ಹೇಳಿ ಕಳಿಸುವುದು ಒಳ್ಳೆಯದು.

ಮಾತ್ರೆ ನಿಲ್ಲಿಸಿದ ಒಂದು ವಾರದ ಮೇಲೆ, ಕೊಯ್ಲು ಮುಗಿದ ಸಂತೋಷಕೂಟದಲ್ಲಿ ಅವರು ಕುಡಿದರು. ಡೈಸಲ್ಫಿರಾಮ್‌ನ ಪ್ರಭಾವ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಉಳಿಯಬಹುದು. ಅರ್ಧ ಗಂಟೆಯಲ್ಲಿ ಮುಖ ಉರಿದು, ಎದೆ ಡವಗುಟ್ಟಿ, ವಾಂತಿ ಶುರುವಾಯಿತು. ಆಗ ಅವರು ಫೋನ್ ಮಾಡಿದ್ದು ನನಗಲ್ಲ, ಆಸ್ಪತ್ರೆಗೂ ಅಲ್ಲ, ಆ ಕಂಡಕ್ಟರಿಗೆ. ಕಂಡಕ್ಟರು ಬೈಯಲಿಲ್ಲ, ‘ಈಗಲೇ ಜೀಪು ಹತ್ತಿ ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ಅಂತ ಡಾಕ್ಟರಿಗೆ ಮುಚ್ಚಿಡದೆ ಹೇಳಿ’ ಎಂದರು. ಹಾಗೆ ಹೇಳಿದ್ದರಿಂದಲೇ ಕರ್ತವ್ಯದಲ್ಲಿದ್ದ ವೈದ್ಯರಿಗೆ ಕಾರಣ ಬೇಗ ತಿಳಿಯಿತು. ಪ್ರಕರಣದ ಅತಿ ಮುಖ್ಯ ತಿರುವು ನನ್ನ ದೃಷ್ಟಿಯಲ್ಲಿ ಮರುಕಳಿಕೆಯಲ್ಲ, ಆ ಕರೆ. ಹಿಂದಿನ ಪ್ರತಿ ಸೋಲಿನಲ್ಲೂ ಅವರು ಬಾಗಿಲು ಹಾಕಿಕೊಂಡಿದ್ದರು.

ಮುಂದಿನ ಭಾನುವಾರ ಸಭೆಗೆ ಹೋಗಿ, ನಡೆದದ್ದನ್ನು ಹೇಳಿ, ಮೊದಲ ದಿನದಿಂದ ಮತ್ತೆ ಎಣಿಕೆ ಆರಂಭಿಸಿದರು. ಹೀಗೆ ಎಣಿಕೆಯನ್ನು ಸೊನ್ನೆಗಿಳಿಸುವುದರ ಬಗ್ಗೆ ನನಗೆ ಪೂರ್ಣ ಸಮಾಧಾನವಿಲ್ಲ. ಎಂಟು ತಿಂಗಳ ಸಾಧನೆ ಒಂದು ರಾತ್ರಿಗೆ ಅಳಿಸಿಹೋಯಿತೆಂದು ಎದೆಗುಂದಿ, ಹೇಗೂ ಹೋಯಿತಲ್ಲ ಎಂದು ಕುಡಿತ ಮುಂದುವರಿಸಿದವರನ್ನು ಕಂಡಿದ್ದೇನೆ. ರೈಟರಿಗೆ ಮಾತ್ರ ಅದು ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆರೆದಷ್ಟು ಸಹಜವಾಗಿತ್ತು. ಚಿಕಿತ್ಸೆಯಲ್ಲಿ ನಾವು ಎರಡು ಬದಲಾವಣೆ ಮಾಡಿದೆವು: ವೈದ್ಯರು ಡೈಸಲ್ಫಿರಾಮ್ ಬದಲು ಕುಡಿತದ ಹಂಬಲ ತಗ್ಗಿಸುವ ನಾಲ್ಟ್ರೆಕ್ಸೋನ್ ಕೊಟ್ಟರು, ಕೊಯ್ಲಿನ ವಾರಗಳಿಗೆಂದು ಫೋನಿನ ಮೂಲಕ ಸೇರುವ ಕನ್ನಡ ಸಭೆಯನ್ನು ಗೊತ್ತುಮಾಡಿದೆವು. ತೋಟದಲ್ಲಿ ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಮೂಟೆಯ ಮೇಲೆ ಕುಳಿತು ಕೇಳುತ್ತಿದ್ದರು.

ಪತ್ನಿಯ ವಿಷಯವನ್ನು ನಾವು ತಡವಾಗಿ ಗಮನಿಸಿದೆವು. ‘ಅವರು ಕುಡೀದಿದ್ರೂ ನಾನು ಮೂಸಿ ನೋಡೋದು ಬಿಟ್ಟಿಲ್ಲ ಮೇಡಂ’ ಎಂದು ಅವರೇ ಹೇಳಿದ ಮೇಲೆ, ವ್ಯಸನಿಗಳ ಮನೆಯವರಿಗಾಗಿ 1951ರಿಂದ ಇರುವ ಆಲ್-ಅನಾನ್ ಕೂಟದ ಸಂಪರ್ಕ ಕೊಡಿಸಿದೆವು. ಅದಕ್ಕೂ ಅವರು ಫೋನಿನಲ್ಲೇ ಸೇರುತ್ತಾರೆ, ಕೆಲವೊಮ್ಮೆ.

ಈಗಿನ ಸ್ಥಿತಿ

ಆ ಮರುಕಳಿಕೆಯಾಗಿ ಎರಡು ವರ್ಷ ದಾಟಿದೆ. ಅವರ ಮಾತು, ಪತ್ನಿಯ ಮಾತು, ಯಕೃತ್ತಿನ ಪರೀಕ್ಷೆಗಳು ಒಂದನ್ನೊಂದು ಸಮರ್ಥಿಸುತ್ತವೆ. ಸಾಲ ಇನ್ನೂ ತೀರಿಲ್ಲ. ಮಗನೊಂದಿಗೆ ಮಾತು ಸರಿಹೋಗಿಲ್ಲ. ಗುಂಪಿನಲ್ಲಿ ಮೊದಲು ಟೀ ಮಾಡುವ ಜವಾಬ್ದಾರಿ, ಆಮೇಲೆ ಲೆಕ್ಕ ಇಡುವ ಜವಾಬ್ದಾರಿ ಅವರದಾಯಿತು. ಕೊಯ್ಲಿನ ತಿಂಗಳುಗಳಲ್ಲಿ ಸಭೆಯನ್ನು ಎರಡೂವರೆಗೆ ತಂದರೆ ದೂರದ ತೋಟಗಳವರಿಗೆ ಅನುಕೂಲವೆಂದು ಅವರು ಎತ್ತಿದ ಸಲಹೆಯನ್ನು ಗುಂಪು ಒಪ್ಪಿಕೊಂಡಿದೆ.

ಒಂದು ಪ್ರಕರಣದಿಂದ ಎಎ ಎಲ್ಲರಿಗೂ ಸರಿ ಎಂದು ಹೇಳಲಾಗದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ವಿವರಗಳನ್ನು ಪರಿಶೀಲಿಸಿ, ಎಎಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆಯು ನಿರಂತರ ಸಂಯಮದ ವಿಷಯದಲ್ಲಿ ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮೇಲು ಎಂದು ಕಂಡುಕೊಂಡಿತು. ಅಲ್ಲಿ ‘ವ್ಯವಸ್ಥಿತವಾಗಿ ಜೋಡಿಸುವ’ ಎಂಬುದೇ ನಮಗೆ ಮುಖ್ಯ. ನಮ್ಮ ವಿಭಾಗದಲ್ಲಿ ಈಗ ಚೀಟಿ ಕೊಡುವುದಿಲ್ಲ. ಬಿಡುಗಡೆಗೆ ಮುನ್ನವೇ ಕೋಣೆಯಿಂದ ಕರೆ ಮಾಡಿಸುತ್ತೇವೆ, ಬಸ್ಸಿನ ಸಮಯದೊಡನೆ ಗುಂಪುಗಳ ಪಟ್ಟಿಯನ್ನು ಆಗಾಗ ಫೋನ್ ಮಾಡಿ ತಿದ್ದುತ್ತೇವೆ. ಊರಲ್ಲಿ ಯಾರೂ ಗೊತ್ತಿಲ್ಲದವರು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ವಿಚಾರಿಸಬಹುದು. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಬಗೆಹರಿಯದೆ ಉಳಿದಿರುವುದು ಹೆಂಗಸರ ಪ್ರಶ್ನೆ. ರೈಟರ ಗುಂಪಿನಲ್ಲಿ ಸದಸ್ಯೆಯರು ಯಾರೂ ಇಲ್ಲ. ಲೈನ್ ಮನೆಯ ಹೆಂಗಸರಲ್ಲಿ ಕುಡಿಯುವವರಿದ್ದಾರೆ, ನಮ್ಮ ವಾರ್ಡಿಗೂ ಬರುತ್ತಾರೆ. ಗಂಡಸರೇ ತುಂಬಿದ ಕೋಣೆಗೆ ಅವರನ್ನು ಒಬ್ಬರನ್ನೇ ಕಳಿಸಲು ನಾನು ಸಿದ್ಧಳಿಲ್ಲ. ಸದ್ಯಕ್ಕೆ ಬೆಂಗಳೂರಿನ ಸದಸ್ಯೆಯೊಬ್ಬರು ಫೋನಿನಲ್ಲಿ ಮಾತನಾಡಲು ಒಪ್ಪಿದ್ದಾರೆ, ಮತ್ತು ಈ ತಿಂಗಳು ಬಿಡುಗಡೆಯಾಗುವ ಇಬ್ಬರಿಗೆ ಅವರ ಜೊತೆ ಕರೆ ಗೊತ್ತುಮಾಡಿದ್ದೇವೆ.